ತಪ್ಪಿ ಬಿಚ್ಚಿದ ಗಂಟು

ಅಂಗಳದಲ್ಲಿ ಕೆಲಸದ ಸಾಮಾನುಗಳನ್ನು ಹರಡಿಕೊಂಡು ಕುಳಿತಿರುವಾಗ ನೆಂಟರು ಬಂದುಬಿಟ್ಟರೆ, ಮನೆಯವರು ಅದನ್ನೆಲ್ಲ ಬಾಚಿ ಒಂದು ಗಂಟು ಕಟ್ಟಿ ಅಟ್ಟಕ್ಕೇರಿಸುವುದುಂಟು. ನೆಂಟರು ಹೊರಟ ಮೇಲೆ ಗಂಟನ್ನಿಳಿಸಿ ಬಿಚ್ಚಿದರಾಯಿತು. ಕೆಲಸವು ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಅಟ್ಟದ ಮೇಲೆ ಎರಡು ಮೂರು ಗಂಟುಗಳಿದ್ದು, ಆತುರದಲ್ಲಿ ಬೇಡವಾದುದೊಂದನ್ನು ಇಳಿಸಿ, ಅಂಗಳದಲ್ಲಿ ಆಗಲೇ ಹರಡಿದ್ದ ಬೇರೊಂದು ಕೆಲಸದ ಮೇಲೆಯೇ ಬಿಚ್ಚಿದರೆ ಏನು ಗತಿ? ಯಾವುದು ಆ ಗಂಟಿನದು, ಯಾವುದು ಇಲ್ಲಿಯೇ ಇದ್ದುದು ಎಂದು ಬೇರ್ಪಡಿಸುವುದು ಹೇಗೆ? ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವವರಿಗೆ ಈ ಪೇಚು ಪದೇ ಪದೇ ಒದಗುತ್ತದೆ. ಇದರಿಂದ ಪಾರಾಗುವ ಬಗೆಯನ್ನೂ, ಪಾರಾಗುವುದು ಏತಕ್ಕೆ ಸಾಧ್ಯವೆಂಬುದನ್ನೂ ಈ ಲೇಖನದಲ್ಲಿ ವಿಚಾರಿಸೋಣ.

ಒಂದು ಬರಹವನ್ನು ತಿದ್ದುತ್ತ ಹೋದಂತೆ ಅದರ ಹಿಂದಿನ ರೂಪಗಳೆಲ್ಲ ಅಳಿಸಿಹೋಗುತ್ತವೆಯಷ್ಟೆ. ಹಾಗಾಗದಂತೆ ಪ್ರತಿಯೊಂದು ಹಂತವನ್ನೂ ದಿನಾಂಕ ಸಹಿತ ಕಾಪಾಡಿಡುವ ಏರ್ಪಾಡಿಗೆ ಆವೃತ್ತಿ ನಿಯಂತ್ರಣವೆಂದು ಹೆಸರು. ಇಂತಹ ಮೊದಲ ಉಪಕರಣಗಳಲ್ಲಿ ಒಂದನ್ನು ೧೯೭೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬುವರು ರಚಿಸಿದರು. ಇಂದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ‘ಗಿಟ್’. ಲೈನಸ್ ಟೊರ್ವಾಲ್ಡ್ಸ್‌ರು ಇದನ್ನು ೨೦೦೫ನೆಯ ಏಪ್ರಿಲ್ ತಿಂಗಳಲ್ಲಿ ಬರೆಯತೊಡಗಿದರು. ಲೈನಕ್ಸ್ ತಿರುಳಿನ ಕೆಲಸಕ್ಕೆ ಅವರು ಅದುವರೆಗೆ ಬಳಸುತ್ತಿದ್ದ ‘ಬಿಟ್‌ಕೀಪರ್’ ಎಂಬ ಉಪಕರಣವು ಉಚಿತವಾಗಿ ದೊರೆಯದಂತಾದುದೇ ಇದಕ್ಕೆ ಕಾರಣ. ಗಂಟು ಕಟ್ಟಿಡುವ ಸೌಕರ್ಯವು ಇದಕ್ಕೆ ಸೇರಿದುದು ೨೦೦೭ರಲ್ಲಿ. ಇಂಗ್ಲಿಷಿನಲ್ಲಿ ಅದರ ಹೆಸರು ‘ಸ್ಟ್ಯಾಶ್’, ಎಂದರೆ ಬಚ್ಚಿಟ್ಟದ್ದು. (ಆಜ್ಞೆಗಳನ್ನು ಯಂತ್ರಕ್ಕೆ ರೋಮನ್ ಲಿಪಿಯಲ್ಲಿಯೇ ಕೊಡಬೇಕು, ಇಲ್ಲಿ ನಾವು ಅವುಗಳ ಉಚ್ಚಾರಣೆಯನ್ನು ಮಾತ್ರ ಬರೆಯುತ್ತೇವೆ.)

ಮೊದಲು ಗಿಟ್ಟಿನ ಮನೆಯನ್ನು ಒಮ್ಮೆ ಸುತ್ತಿ ಬರುವುದು ಅವಶ್ಯಕ. ಅಂಗಳವೆಂದರೆ ನಾವು ಕಡತಗಳನ್ನು ತೆರೆದು ತಿದ್ದುವ ಸ್ಥಳ. ಕಣ್ಣಿಗೆ ಕಾಣುವುದು ಇದೊಂದೇ. ಒಳಗೆ ಉಗ್ರಾಣವಿದೆ. ಅಲ್ಲಿಗೆ ಒಮ್ಮೆ ಸೇರಿದ ಪಾಠವು ಬದಲಾಗುವುದಿಲ್ಲ. ಪ್ರತಿಯೊಂದಕ್ಕೂ ಅದರ ಒಳಗಿರುವ ಅಕ್ಷರಗಳಿಂದಲೇ ಗಣಿಸಿದ, ಸಾಮಾನ್ಯವಾಗಿ ೪೦ ಅಂಕಿಗಳ ಒಂದು ಗುರುತುಸಂಖ್ಯೆ ಉಂಟು. ಒಂದಕ್ಷರ ವ್ಯತ್ಯಾಸವಾದರೂ ಸಂಖ್ಯೆ ಬೇರೆಯಾಗುತ್ತದೆ. ಆದುದರಿಂದ ಹಳೆಯದರ ಮೇಲೆ ಹೊಸದನ್ನು ಬರೆಯುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ಅಂಗಳಕ್ಕೂ ಉಗ್ರಾಣಕ್ಕೂ ನಡುವೆ ಒಂದು ಜಗಲಿಯಿದೆ; ಇದರ ಇಂಗ್ಲಿಷ್ ಹೆಸರು ‘ಇಂಡೆಕ್ಸ್’. ‘ಗಿಟ್ ಆ್ಯಡ್’ ಎಂದಾಗ ಕಡತವು ಜಗಲಿಗೆ ಬರುತ್ತದೆ. ‘ಗಿಟ್ ಕಮಿಟ್’ ಎಂದಾಗ ಜಗಲಿಯಲ್ಲಿ ಇದ್ದುದೆಲ್ಲ ಒಂದು ದಾಖಲೆಯಾಗಿ ಒಳಗೆ ಹೋಗುತ್ತದೆ. ಜಗಲಿಗೆ ಬಂದ ಕ್ಷಣದಲ್ಲಿಯೇ ಕಡತದ ಪಾಠವು ಉಗ್ರಾಣಕ್ಕೂ ಸೇರಿಬಿಡುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಅಟ್ಟ. ಅದು ಬೇರೆಯ ಕೋಣೆಯೇನೂ ಅಲ್ಲ. ‘ಗಿಟ್ ಸ್ಟ್ಯಾಶ್’ ಎಂದಾಗ ಅಂಗಳದಲ್ಲಿರುವ ತಿದ್ದುಪಡಿಗಳೆಲ್ಲ ಒಂದು ಸಾಧಾರಣ ದಾಖಲೆಯ ರೂಪದಲ್ಲಿ ಉಗ್ರಾಣವನ್ನೇ ಸೇರುತ್ತವೆ. ಅಂಗಳವು ಕಡೆಯ ಕಮಿಟ್ಟಿನ ಸ್ಥಿತಿಗೆ ಮರಳುತ್ತದೆ. ಈ ದಾಖಲೆಗೆ ಒಂದಕ್ಕಿಂತ ಹೆಚ್ಚು ತಾಯ್ದಾಖಲೆಗಳಿರುವುದೇ ಇದರ ವಿಶೇಷ. ಒಂದನೆಯದು ಗಂಟು ಕಟ್ಟಿದಾಗ ನಾವು ನಿಂತಿದ್ದ ಕಮಿಟ್. ಎರಡನೆಯದು ಆಗ ಜಗಲಿಯು ಇದ್ದ ಸ್ಥಿತಿ. ಗಿಟ್ಟಿಗೆ ಪರಿಚಯಿಸಿಲ್ಲದ ಹೊಸ ಕಡತಗಳನ್ನೂ ಸೇರಿಸಿ ಕಟ್ಟಬೇಕೆಂದು ಹೇಳಿದ್ದರೆ ಅವುಗಳಿಗಾಗಿ ಮೂರನೆಯದೊಂದೂ ಇರುತ್ತದೆ. ಗಂಟಿನೊಳಗೆ ಬದಲಾದ ಪಾಠವೊಂದೇ ಅಲ್ಲ, ಬದಲಾವಣೆಯು ಎಲ್ಲಿಂದ ಹೊರಟಿತೆಂಬ ನೆನಪೂ ಇದೆ ಎಂದಂತಾಯಿತು. ತಪ್ಪನ್ನು ಹಿಂದೆಗೆಯುವ ಶಕ್ತಿಯೆಲ್ಲ ಈ ನೆನಪಿನಲ್ಲಿ ಅಡಗಿದೆ.

ತಪ್ಪು ಹುಟ್ಟುವ ಬಗೆಯೂ ಕುತೂಹಲಕರವಾಗಿದೆ. ಅಟ್ಟದ ಗಂಟುಗಳಿಗೆ ಗಿಟ್ಟು ಸೊನ್ನೆ, ಒಂದು, ಎರಡು ಎಂದು ಸಂಖ್ಯೆ ಕೊಡುತ್ತದೆ. ಆದರೆ ಸೊನ್ನೆಯೆಂಬುದು ಯಾವಾಗಲೂ ಎಲ್ಲಕ್ಕಿಂತ ಹೊಸದು. ನಿನ್ನೆ ಸೊನ್ನೆಯಾಗಿದ್ದುದು, ಇಂದು ಮತ್ತೊಂದು ಗಂಟು ಕಟ್ಟಿದೊಡನೆ ಒಂದಾಗುತ್ತದೆ. ಒಂದನ್ನು ತೆಗೆದುಹಾಕಿದರೆ ಅದರ ಹಿಂದಿನವೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ. ಬಾಡಿಗೆಮನೆಯ ಬಾಗಿಲಿನ ಸಂಖ್ಯೆಯು ದಿನವೂ ಬದಲಾದರೆ ಅಂಚೆಯವನು ಏನು ಮಾಡಿಯಾನು? ಇದು ಸಾಲದೆಂಬಂತೆ, ಸಂಖ್ಯೆ ಹೇಳದೆ ‘ಗಿಟ್ ಸ್ಟ್ಯಾಶ್ ಪಾಪ್’ ಎಂದರೆ ಸೊನ್ನೆಯ ಗಂಟೇ ಬಿಚ್ಚುತ್ತದೆ. ಬೇರೊಂದು ಶಾಖೆಯಲ್ಲಿ ನಿಂತಿದ್ದುದನ್ನು ಮರೆತು ಬಿಚ್ಚುವವರೂ ಉಂಟು, ಏಕೆಂದರೆ ಅಟ್ಟವು ಎಲ್ಲ ಶಾಖೆಗಳಿಗೂ ಸಮಾನ.

ಬಿಚ್ಚುವ ಆಜ್ಞೆಗಳು ಎರಡು. ‘ಅಪ್ಲೈ’ ಎಂದರೆ ಗಂಟಿನ ವಸ್ತುಗಳು ಅಂಗಳಕ್ಕೆ ಬರುತ್ತವೆ, ಗಂಟೂ ಅಟ್ಟದಲ್ಲಿಯೇ ಉಳಿಯುತ್ತದೆ. ‘ಪಾಪ್’ ಎಂದರೆ ಬಿಚ್ಚುವುದು ನಿರ್ವಿಘ್ನವಾಗಿ ನಡೆದ ಪಕ್ಷದಲ್ಲಿ ಗಂಟು ಪಟ್ಟಿಯಿಂದ ಅಳಿದುಹೋಗುತ್ತದೆ. ನಮ್ಮನ್ನು ಕೇಳಿದರೆ ಕಲಿಯುವವರು ಅಪ್ಲೈಯನ್ನೇ ರೂಢಿಮಾಡಿಕೊಳ್ಳುವುದು ಲೇಸು. ಆದರೆ ಒಂದು ಪದದಲ್ಲಿ ಎರಡು ಕೆಲಸವಾಗುವಾಗ ಯಾರು ಕೇಳುತ್ತಾರೆ!

ಬಿಚ್ಚುವಾಗ ಗಿಟ್ಟು ಏನು ಮಾಡುತ್ತದೆ? ಗಂಟಿನ ಕಡತವನ್ನು ತಂದು ಅಂಗಳದ ಕಡತದ ಮೇಲೆ ಹಾಗೆಯೇ ಹೇರುವುದಿಲ್ಲ. ಮೂರು ಪಾಠಗಳನ್ನು ಎದುರೆದುರಿಗೆ ಇಟ್ಟುಕೊಳ್ಳುತ್ತದೆ: ಗಂಟು ಹೊರಟ ಮೂಲಪಾಠ, ಗಂಟಿನಲ್ಲಿರುವ ಪಾಠ, ಈಗ ಇರುವ ಪಾಠ. ಒಬ್ಬ ವಿದ್ಯಾರ್ಥಿ ತನ್ನ ವಿದ್ಯಾರ್ಥಿನಿಲಯದ ಊಟದ ಲೆಕ್ಕಕ್ಕಾಗಿ ಒಂದು ಕ್ರಮವಿಧಿಯನ್ನು ಬರೆಯುತ್ತಿದ್ದಾನೆಂದು ಭಾವಿಸೋಣ. ಮೂಲದಲ್ಲಿ ದಿನದ ದರ ೮೦ ರೂಪಾಯಿ ಎಂದಿದೆ. ಗಂಟಿನಲ್ಲಿ ಅದು ೯೫ ಆಗಿದೆ. ಈಗಿನ ಪಾಠದಲ್ಲಿ ೮೦ ಎಂದೇ ಇದೆ. ಹಾಗಾದರೆ ಬದಲಾಯಿಸಿದವನು ಗಂಟಿನವನು ಮಾತ್ರ. ಆದುದರಿಂದ ೯೫ ನಿಲ್ಲುತ್ತದೆ. ಕೆಳಗೆ ರಜಾದಿನಗಳ ಲೆಕ್ಕವು ಈಗಿನ ಪಾಠದಲ್ಲಿ ಮಾತ್ರ ಬದಲಾಗಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಎರಡೂ ಕಡೆ ಒಂದೇ ಸಾಲು ಬೇರೆ ಬೇರೆಯಾಗಿ ಬದಲಾಗಿದ್ದರೆ ಗಿಟ್ಟು ತೀರ್ಪು ಕೊಡಲು ಒಪ್ಪದೆ, ಎರಡು ಪಾಠಗಳನ್ನೂ ಗುರುತುಗೆರೆಗಳ ನಡುವೆ ಬರೆದು ನಮಗೆ ಒಪ್ಪಿಸುತ್ತದೆ. ಇದೇ ಸಂಘರ್ಷ. ಆಗ ಪಾಪ್ ಎಂದಿದ್ದರೂ ಗಂಟು ಅಟ್ಟದಿಂದ ಇಳಿಯುವುದಿಲ್ಲ.

ಇನ್ನೊಂದು ನಿಯಮವನ್ನು ಇಲ್ಲಿ ಒತ್ತಿ ಹೇಳಬೇಕು. ಅಂಗಳದಲ್ಲಿ ನಾವು ತಿದ್ದಿ, ಜಗಲಿಗೂ ತಾರದೆ ಬಿಟ್ಟಿರುವ ಕಡತವನ್ನು ಗಂಟೂ ಮುಟ್ಟಬೇಕಾಗಿ ಬಂದರೆ, ಗಿಟ್ಟು ಗಂಟನ್ನು ಬಿಚ್ಚುವುದೇ ಇಲ್ಲ. ‘ನಿಮ್ಮ ತಿದ್ದುಪಡಿಗಳು ಅಳಿಸಿಹೋಗುತ್ತವೆ’ ಎಂದು ಎಚ್ಚರಿಸಿ ನಿಂತುಬಿಡುತ್ತದೆ. ಈ ನಿರಾಕರಣೆಯನ್ನು ಕಂಡು ಬೇಸರಪಡುವವರೇ ಹೆಚ್ಚು. ಆದರೆ ಇದರಿಂದ ಒಂದು ಅಮೂಲ್ಯವಾದ ನಿರ್ಣಯ ದೊರೆಯುತ್ತದೆ: ಗಂಟು ತೊಡಕಿಲ್ಲದೆ ಬಿಚ್ಚಿಕೊಂಡಿತೆಂದರೆ, ಅದು ಮುಟ್ಟಿದ ಯಾವ ಕಡತದಲ್ಲಿಯೂ ಉಗ್ರಾಣಕ್ಕೆ ಸೇರದ ನಮ್ಮ ಬರಹ ಇರಲಿಲ್ಲ. ಆ ಕಡತಗಳ ಹಿಂದಿನ ಸ್ಥಿತಿ ಒಂದೋ ಕಮಿಟ್ಟಿನಲ್ಲಿದೆ, ಇಲ್ಲವೆ ಜಗಲಿಯಲ್ಲಿದೆ. ಎಲ್ಲಿದ್ದರೂ ಸುರಕ್ಷಿತ.

ಹೀಗಿರುವಲ್ಲಿ ನಿಜವಾದ ಹಾನಿ ಬರುವುದು ಗಂಟಿನಿಂದಲ್ಲ, ಗಾಬರಿಯಿಂದ. ತಪ್ಪು ತಿಳಿದೊಡನೆ ಯಾರೋ ಹೇಳಿದ್ದ ‘ಗಿಟ್ ರೀಸೆಟ್ ಹಾರ್ಡ್’ ಎಂಬ ಮಂತ್ರವನ್ನು ವಿದ್ಯಾರ್ಥಿ ಉಚ್ಚರಿಸುತ್ತಾನೆ. ಅದು ಅಂಗಳವನ್ನೂ ಜಗಲಿಯನ್ನೂ ಗುಡಿಸಿ ಕಡೆಯ ಕಮಿಟ್ಟಿನಂತೆ ಮಾಡುತ್ತದೆ. ಗಂಟಿನ ವಸ್ತುಗಳು ಹೋಗುವುದು ಸರಿಯೇ. ಅವುಗಳ ಜೊತೆಗೆ, ಗಂಟಿಗೆ ಸಂಬಂಧವೇ ಇಲ್ಲದ ಇನ್ನೊಂದು ಕಡತದಲ್ಲಿ ಅವನು ಮೂರು ಸಂಜೆ ಕುಳಿತು ಬರೆದುದೂ ಹೋಗುತ್ತದೆ. ಅದು ಜಗಲಿಯನ್ನೇ ಏರಿರಲಿಲ್ಲ. ಉಗ್ರಾಣದಲ್ಲಿ ಅದರ ಸುಳಿವಿಲ್ಲ. ಗಂಟನ್ನು ಹುಡುಕಿ ತರಬಹುದು, ಆ ಮೂರು ಸಂಜೆಗಳನ್ನು ಗಿಟ್ಟು ಎಲ್ಲಿಂದ ತಂದುಕೊಟ್ಟೀತು?

ಆದುದರಿಂದ ಮೊದಲು ಕೈಕಟ್ಟಿ ಕುಳಿತು ತೆರೆಯನ್ನು ಓದಬೇಕು. ಪಾಪ್ ಆಜ್ಞೆಯು ಮುಗಿದಾಗ ಗಂಟನ್ನು ತೆಗೆದುಹಾಕಿದ ಸಮಾಚಾರದ ಜೊತೆಗೆ ಅದರ ೪೦ ಅಂಕಿಗಳ ಗುರುತುಸಂಖ್ಯೆಯನ್ನೂ ತೋರಿಸಿರುತ್ತದೆ. ಅದನ್ನು ಬೇರೆಡೆ ಬರೆದಿಡಬೇಕು. ಬಳಿಕ ಅಂಗಳವಿರುವ ಇಡೀ ಫೋಲ್ಡರಿನ ಒಂದು ನಕಲನ್ನು ಬೇರೆಡೆ ಇಡಬೇಕು. ಗಿಟ್ಟಿನ ಪಂಡಿತರಿಗೆ ಈ ಒರಟು ಉಪಾಯ ರುಚಿಸದು. ಆದರೂ, ಗಿಟ್ಟಿಗೆ ಪರಿಚಯವಿಲ್ಲದ ಕಡತಗಳನ್ನೂ ಉಳಿಸುವ ಗುಣ ಇದಕ್ಕಿರುವುದರಿಂದ ನಾವು ಇದನ್ನೇ ಮೊದಲು ಹೇಳುತ್ತೇವೆ.

ಇನ್ನು ಬೇರ್ಪಡಿಸುವ ಕೆಲಸ. ಗಂಟು ಬಿಚ್ಚುವ ಮುನ್ನ ಅಂಗಳ ಸ್ವಚ್ಛವಾಗಿತ್ತೆಂಬುದು ಖಂಡಿತವಾಗಿದ್ದರೆ ರೀಸೆಟ್ ಹಾರ್ಡ್ ಎಂಬುದೇ ಸಾಕು. ಆಗ ಗುಡಿಸಿಹೋಗುವುದು ಗಂಟಿನ ವಸ್ತುಗಳು ಮಾತ್ರ. ನಮ್ಮ ಕೆಲಸವೂ ಅಂಗಳದಲ್ಲಿ ಇದ್ದುದಾದರೆ, ಗಂಟಿನಲ್ಲಿ ಯಾವ ಯಾವ ಕಡತಗಳಿದ್ದವೆಂದು ‘ಗಿಟ್ ಸ್ಟ್ಯಾಶ್ ಶೋ’ ಎಂಬ ಆಜ್ಞೆಯಿಂದ ತಿಳಿಯಬೇಕು. ಪಾಪ್ ಆಗಿ ಗಂಟು ಪಟ್ಟಿಯಲ್ಲಿಲ್ಲದಿದ್ದರೆ, ಬರೆದಿಟ್ಟ ಗುರುತುಸಂಖ್ಯೆಯನ್ನು ಅದೇ ಆಜ್ಞೆಯ ಮುಂದೆ ಸೇರಿಸಬೇಕು. ಉತ್ತರವಾಗಿ ಬಂದ ಹೆಸರುಗಳನ್ನು ಮಾತ್ರ ಹಿಡಿದು ‘ಗಿಟ್ ರೆಸ್ಟೋರ್’ ಎಂದರೆ ಅಂಗಳದ ಆ ಕಡತಗಳು ಜಗಲಿಯಲ್ಲಿರುವ ಪಾಠಕ್ಕೆ ಮರಳುತ್ತವೆ. ಉಳಿದವುಗಳಿಗೆ ಸೋಂಕೂ ಇಲ್ಲ. (ರೆಸ್ಟೋರ್ ಆಜ್ಞೆ ಬಂದುದು ೨೦೧೯ರಲ್ಲಿ, ಅದಕ್ಕಿಂತ ಹಳೆಯ ಗಿಟ್ಟಿನಲ್ಲಿ ‘ಚೆಕ್‌ಔಟ್’ ಎಂಬುದೇ ಈ ಕೆಲಸವನ್ನು ಮಾಡುತ್ತದೆ.) ಮೇಲೆ ಹೇಳಿದ ನಿರಾಕರಣೆಯ ನಿಯಮದಿಂದಾಗಿ ಇಲ್ಲಿ ತಪ್ಪುವ ಭಯವಿಲ್ಲ.

ನಮ್ಮ ತಿದ್ದುಪಡಿಯೂ ಗಂಟಿನ ತಿದ್ದುಪಡಿಯೂ ಒಂದೇ ಕಡತದಲ್ಲಿ ಬೆರೆಯುವುದು ಸಾಧ್ಯವೆ? ಸಾಧ್ಯ. ನಮ್ಮದನ್ನು ಆಗಲೇ ಜಗಲಿಗೆ ತಂದಿದ್ದರೆ ಗಿಟ್ಟು ನಿರಾಕರಿಸದೆ, ಜಗಲಿಯ ಪಾಠವನ್ನೇ ‘ಈಗಿನ ಪಾಠ’ವೆಂದು ಹಿಡಿದು ಬೆರಕೆಮಾಡುತ್ತದೆ. ಆದರೆ ಬೆರಕೆಯು ಅಂಗಳಕ್ಕೆ ಮಾತ್ರ ಬರುತ್ತದೆ. ಜಗಲಿಯಲ್ಲಿ ನಮ್ಮ ಪಾಠವು ಮೊದಲಿನಂತೆಯೇ ನಿಂತಿರುತ್ತದೆ. ಅದೇ ರೆಸ್ಟೋರ್ ಆಜ್ಞೆ ಇಲ್ಲಿಯೂ ನಮ್ಮ ಬರಹವನ್ನು ಶುದ್ಧವಾಗಿ ಹಿಂದಿರುಗಿಸುತ್ತದೆ. ಇಂತಹ ಹೊತ್ತಿನಲ್ಲಿ ರೀಸೆಟ್ ಹಾರ್ಡ್ ಎಂದವನು ಜಗಲಿಯನ್ನೂ ಕಳೆದುಕೊಳ್ಳುತ್ತಾನೆ.

ಹೆಚ್ಚು ತೊಡಕಿನ ಸ್ಥಿತಿಯೊಂದಿದೆ. ಗಂಟು ಬಿಚ್ಚಿದುದು ತಪ್ಪೆಂದು ಒಡನೆಯೇ ತಿಳಿಯದೆ, ಬಿಚ್ಚಿದ ಕಡತದಲ್ಲಿಯೇ ನಾವು ಇನ್ನೂ ಹತ್ತು ಸಾಲು ಬರೆದುಬಿಟ್ಟಿದ್ದೇವೆ. ಈಗ ಕಡತವನ್ನು ಹಿಂದಿನ ಸ್ಥಿತಿಗೆ ಒಯ್ದರೆ ಹೊಸ ಸಾಲುಗಳು ನಾಶವಾಗುತ್ತವೆ. ಇಲ್ಲಿ ನಮಗೆ ಬೇಕಾದುದು ಹಳೆಯ ಸ್ಥಿತಿಯಲ್ಲ, ಈಗಿನ ಸ್ಥಿತಿಯಿಂದ ಗಂಟನ್ನು ಕಳೆದರೆ ಉಳಿಯುವ ಶೇಷ. ಅಂಗಡಿಯ ಕಿರ್ದಿಯಲ್ಲಿ ತಪ್ಪು ಜಮೆಯಾದಾಗ ಗುಮಾಸ್ತನು ಪುಟವನ್ನು ಹರಿಯುವುದಿಲ್ಲವಷ್ಟೆ. ಅಷ್ಟೇ ಮೊತ್ತವನ್ನು ಖರ್ಚಿನ ಕಡೆಗೆ ಬರೆಯುತ್ತಾನೆ. ಗಿಟ್ಟಿನಲ್ಲಿ ಇದರ ರೀತಿ ಹೀಗೆ: ‘ಗಿಟ್ ಸ್ಟ್ಯಾಶ್ ಶೋ’ ಆಜ್ಞೆಗೆ ‘ಪ್ಯಾಚ್’ ಎಂಬ ವಿಶೇಷಣವನ್ನು ಸೇರಿಸಿದರೆ, ಗಂಟಿನಲ್ಲಿ ಯಾವ ಸಾಲು ಹೋಯಿತು, ಯಾವ ಸಾಲು ಬಂತು ಎಂಬ ಪಟ್ಟಿ ಹೊರಬೀಳುತ್ತದೆ. ಅದನ್ನು ‘ಗಿಟ್ ಅಪ್ಲೈ’ ಎಂಬ ಆಜ್ಞೆಗೆ ‘ರಿವರ್ಸ್’ ಎಂಬ ವಿಶೇಷಣದೊಡನೆ ಉಣಿಸಬೇಕು. (ಈ ಅಪ್ಲೈ ಬೇರೆ, ಗಂಟು ಬಿಚ್ಚುವ ಸ್ಟ್ಯಾಶ್ ಅಪ್ಲೈ ಬೇರೆ, ಹೆಸರಿಟ್ಟವರು ಈ ಗೊಂದಲವನ್ನು ತಪ್ಪಿಸಬಹುದಿತ್ತು.)

ಆಗ ಏನಾಗುತ್ತದೆ? ನಮ್ಮ ಊಟದ ಲೆಕ್ಕದಲ್ಲಿ ಪಟ್ಟಿಯು ೮೦ ಹೋಗಿ ೯೫ ಬಂತೆಂದು ಹೇಳುತ್ತದೆ. ತಿರುವಿ ಓದಿದರೆ ೯೫ ಹೋಗಿ ೮೦ ಬರಬೇಕು. ಸ್ಥಳ ತಪ್ಪದಿರಲೆಂದು ಪಟ್ಟಿಯಲ್ಲಿ ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು ಸಾಲುಗಳೂ ಸಾಕ್ಷಿಗಳಾಗಿ ಇರುತ್ತವೆ. ಆ ನೆರೆಹೊರೆಯನ್ನು ಗುರುತಿಸಿ ಗಿಟ್ಟು ಆ ಒಂದು ಸಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಕೆಳಗೆ ನಾವು ಹೊಸದಾಗಿ ಬರೆದ ಹತ್ತು ಸಾಲುಗಳು ಅಲುಗುವುದಿಲ್ಲ. ನಾವು ಅಷ್ಟರಲ್ಲಿ ೯೫ನ್ನೇ ತಿದ್ದಿ ೧೦೦ ಮಾಡಿದ್ದರೆ? ಕಳೆಯಬೇಕಾದ ಸಾಲು ಸಿಗದು. ಗಿಟ್ಟು ಸಿಕ್ಕಿದಷ್ಟನ್ನು ಮಾಡಿ ಉಳಿದುದನ್ನು ಬಿಡದೆ, ಇಡೀ ಪಟ್ಟಿಯನ್ನೇ ತಿರಸ್ಕರಿಸುತ್ತದೆ. ಅರ್ಧ ಕಳೆದ ಕಡತಕ್ಕಿಂತ ಏನೂ ಕಳೆಯದ ಕಡತವೇ ವಾಸಿ. ಆಗ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಆ ಒಂದೆರಡು ಸಾಲುಗಳನ್ನು ಕೈಯಿಂದಲೇ ಸರಿಪಡಿಸಬೇಕು.

ಸಂಘರ್ಷದಲ್ಲಿ ನಿಂತ ಗಂಟಿಗೆ ‘ಗಿಟ್ ರೀಸೆಟ್ ಮರ್ಜ್’ ತಕ್ಕ ಮದ್ದು. ಅದು ಬೆರಕೆಯನ್ನು ತೊಡೆದು, ಅಂಗಳದ ಬೇರೆ ಕಡತಗಳಲ್ಲಿ ಜಗಲಿಗೆ ಬಾರದೆ ಇದ್ದ ನಮ್ಮ ಕೆಲಸವನ್ನು ಉಳಿಸಿಕೊಡುತ್ತದೆ. ಆದರೆ ಜಗಲಿಯಲ್ಲಿ ಇಟ್ಟುದನ್ನು ಉಳಿಸುವುದಿಲ್ಲ.

ಗಿಟ್ಟಿಗೆ ಪರಿಚಯವಿಲ್ಲದ ಹೊಸ ಕಡತಗಳು ಗಂಟಿನಿಂದ ಹೊರಬಿದ್ದಿದ್ದರೆ ಮೇಲಿನ ಯಾವ ಉಪಾಯವೂ ಅವುಗಳನ್ನು ಮುಟ್ಟುವುದಿಲ್ಲ. ಅವುಗಳ ಹೆಸರು ಹಿಡಿದು ಒಂದೊಂದಾಗಿ ಅಳಿಸುವುದೇ ಕ್ಷೇಮ. ‘ಗಿಟ್ ಕ್ಲೀನ್’ ಎಂಬುದು ಪರಿಚಯವಿಲ್ಲದ ಕಡತಗಳನ್ನೆಲ್ಲ ಒಟ್ಟಿಗೆ ಅಳಿಸುವ ಆಜ್ಞೆ. ಗಂಟಿನವು ಯಾವುವು, ನಮ್ಮವು ಯಾವುವು ಎಂದು ಅದು ಕೇಳುವುದಿಲ್ಲ. ಬಳಸಲೇಬೇಕಾದರೆ, ಏನನ್ನೂ ಅಳಿಸದೆ ಹೆಸರುಗಳನ್ನು ಮಾತ್ರ ತೋರಿಸುವ ‘ಡ್ರೈ ರನ್’ ಎಂಬ ವಿಶೇಷಣದೊಡನೆ ಮೊದಲು ಓಡಿಸಿ ನೋಡಬೇಕು.

ಅಂಗಳವೇನೋ ಸರಿಹೋಯಿತು. ಆದರೆ ಪಾಪ್ ಎಂದುದರಿಂದ ಗಂಟು ಅಟ್ಟದ ಪಟ್ಟಿಯಿಂದ ಅಳಿದಿದೆ, ಅಂಗಳದಿಂದಲೂ ಈಗ ಕಳೆದಿದ್ದೇವೆ. ಅದರೊಳಗಿದ್ದ ಕೆಲಸದ ಪಾಡೇನು? ಪಟ್ಟಿಯಿಂದ ಅಳಿದುದು ಹೆಸರು ಮಾತ್ರ. ದಾಖಲೆಯು ಉಗ್ರಾಣದಲ್ಲಿ ಇನ್ನೂ ಬಿದ್ದಿದೆ. ಯಾವ ಹೆಸರಿನಿಂದಲೂ ತಲಪಲಾಗದ ಇಂತಹ ದಾಖಲೆಗಳನ್ನು ಗಿಟ್ಟು ಆಗಾಗ ಗುಡಿಸಿ ಎಸೆಯುವುದುಂಟು. ಆದರೆ ಬೇರೆ ಏರ್ಪಾಡು ಮಾಡಿಲ್ಲದಿದ್ದರೆ ಎರಡು ವಾರಗಳಿಗಿಂತ ಹೊಸದಾದುದನ್ನು ಅದು ಎಸೆಯುವುದಿಲ್ಲ. ಈ ಗಡುವು ಗಂಟು ಕಟ್ಟಿದ ದಿನದಿಂದ ನಡೆಯುವುದರಿಂದ, ತಿಂಗಳ ಹಿಂದಿನ ಗಂಟಿನ ವಿಷಯದಲ್ಲಿ ತಡಮಾಡುವುದು ಸರಿಯಲ್ಲ.

ಗುರುತುಸಂಖ್ಯೆ ಕೈಯಲ್ಲಿದ್ದರೆ ಹುಡುಕುವ ಶ್ರಮವಿಲ್ಲ. ತೆರೆಯನ್ನು ಮುಚ್ಚಿ ಅದನ್ನು ಕಳೆದುಕೊಂಡಿದ್ದರೆ ‘ಗಿಟ್ ಎಫ್‌ಎಸ್‌ಸಿಕೆ’ ಎಂಬ ಆಜ್ಞೆಯು ಉಗ್ರಾಣವನ್ನೆಲ್ಲ ಶೋಧಿಸಿ, ವಾರಸುದಾರರಿಲ್ಲದ ದಾಖಲೆಗಳ ಸಂಖ್ಯೆಗಳನ್ನು ಕೊಡುತ್ತದೆ. ಅವುಗಳಲ್ಲಿ ನಮ್ಮದು ಯಾವುದೆಂದು ‘ಗಿಟ್ ಶೋ’ ಆಜ್ಞೆಯಿಂದ ಒಂದೊಂದಾಗಿ ತೆರೆದು ನೋಡಬೇಕು. ಹೆಸರಿಡದೆ ಕಟ್ಟಿದ ಗಂಟಿನ ಮೇಲೆ ‘ಡಬ್ಲ್ಯುಐಪಿ’ ಎಂಬ ಮೂರಕ್ಷರಗಳೂ ಅದರ ಪಕ್ಕದಲ್ಲಿ ಶಾಖೆಯ ಹೆಸರೂ ಇರುತ್ತವೆ. ಕೆಲಸವು ನಡೆಯುತ್ತಿದೆ ಎಂಬುದು ಅದರ ಅರ್ಥ. ಸಿಕ್ಕಿದ ಸಂಖ್ಯೆಯನ್ನು ‘ಗಿಟ್ ಸ್ಟ್ಯಾಶ್ ಸ್ಟೋರ್’ ಎಂಬ ಆಜ್ಞೆಗೆ ಕೊಟ್ಟರೆ ಗಂಟು ಮತ್ತೆ ಅಟ್ಟವನ್ನೇರಿ ಸೊನ್ನೆಯ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ. ಅದೇ ಆಜ್ಞೆಯಲ್ಲಿ ‘ಮೆಸೇಜ್’ ಎಂಬ ವಿಶೇಷಣದಿಂದ ಅದಕ್ಕೊಂದು ಚೀಟಿಯನ್ನೂ ಅಂಟಿಸಬಹುದು: ಊಟದ ದರ, ಹೊಸ ಲೆಕ್ಕ, ಇನ್ನೂ ಮುಗಿದಿಲ್ಲ.